ಮಾರಿ ನೋಡಿ ಮಾತಾಡು

ಕೊಲ್ಹಾಪುರದ ಬಸ್ಸು ಇಚಲಕರಂಜಿಯಲ್ಲಿ ನನ್ನನ್ನು ಇಳಿಸಿದಾಗ ಜಿಟಿಜಿಟಿ ಮಳೆ. ಮರುದಿನ ಪಂಚಮಿ. ಅತ್ಯಾಳಿಗೆಂದು, ಅಂದರೆ ನನ್ನ ಸೋದರತ್ತೆಗೆಂದು, ತಂದ ಚಪ್ಪಲಿ ತೊಯ್ಯಬಾರದೆಂದು ಅಂಗಿಯೊಳಗೆ ತುರುಕಿಕೊಂಡು, ನಾನು ಮಾತ್ರ ತೊಯ್ಯುತ್ತ ನಮ್ಮ ಓಣಿಯ ಮೂಲೆ ತಿರುಗಿದೆ. ತಿರುಗಿದ್ದೇ ತಡ, ಆ ವಾಸನೆ ಬಂದು ಮೂಗಿಗೆ ಬಡಿಯಿತು. ಗಂಜಿ ಹಚ್ಚಿದ ನೂಲು, ಮಗ್ಗದ ಎಣ್ಣೆ, ಹಸಿ ಗೋಡೆಗೆ ಅಂಟಿ ಕೂತ ಹತ್ತಿಯ ನವಿರು. ಇಂಥ ಹಳೆಯ ವಾಸನೆ ಬಂದರೆ ಬೇರೆಯವರಿಗೆ ಕಣ್ಣು ಒದ್ದೆಯಾಗುತ್ತವಂತೆ. ನನಗೆ ಹಲ್ಲು ಕಡಿಯುವಂತಾಗುತ್ತದೆ.

ನನ್ನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಕೊಲ್ಹಾಪುರದಲ್ಲಿ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ. ಮದುವೆ ಸೀಸನ್ನಿನಲ್ಲಿ ಮೈಕು ಹಿಡಿದು ನಕಲು ಮಾಡಿ ಜನರನ್ನು ನಗಿಸುತ್ತೇನೆ. ಬಸ್ ಕಂಡಕ್ಟರ್, ಹೊಸ ಕಾರು ಕೊಂಡ ಬೀಗರು, ಊಟ ಸರಿಯಿಲ್ಲ ಎಂದು ಮೂರು ಸಲ ಬಡಿಸಿಕೊಂಡ ಸೋದರಮಾವ, ಯಾರನ್ನೂ ಬಿಡುವುದಿಲ್ಲ. ನನ್ನನ್ನು ನಾನೇ ನಕಲು ಮಾಡಿದ್ದೂ ಉಂಟು, ಒಬ್ಬರೂ ನಗಲಿಲ್ಲ. ಅಷ್ಟು ಸಪ್ಪೆ ಮಾಲು ನಾನು.

ಈ ವಿದ್ಯೆ ನನಗೆ ಕಲಿಸಿದವನು ನಮ್ಮಜ್ಜ. ಕಲಿಸಿದ ಅನ್ನುವುದಕ್ಕಿಂತ, ಅವನ ಕಿವಿ ಕಲಿಸಿದವು ಅನ್ನಬೇಕು. ಅಥಣಿ ಕಡೆಯ ಹಳ್ಳಿಯಿಂದ ಹುಡುಗನಾಗಿದ್ದಾಗ ಬಂದು ಇಲ್ಲಿನ ಪವರ್‌ಲೂಮಿಗೆ ಸೇರಿದವನು, ಮಗ್ಗ ನಡೆಸಿ, ಆಮೇಲೆ ಮಗ್ಗ ರಿಪೇರಿ ಮಾಡುವ ಜಾಬರ್ ಆಗಿ, ಇಡೀ ಆಯುಷ್ಯ ಆ ಖಟಾಖಟ್ ಸಪ್ಪಳದೊಳಗೇ ಕಳೆದ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವನ ಎರಡೂ ಕಿವಿ ಹೋಗಿದ್ದವು. ಆದರೆ ಮಗ್ಗದವರಿಗೆ ಒಂದು ಲಾಭ ಉಂಟು ನೋಡ್ರಿ. ಆ ಸಪ್ಪಳದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ಹಾಗಾಗಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಾರೆ, ಉಳಿದದ್ದಕ್ಕೆ ಕೈಸನ್ನೆ. ಅಜ್ಜ ನಿಮ್ಮ ಬಾಯಿ ಕಂಡರೆ ಸಾಕು, ನೀವು ಆಡಿದ್ದನ್ನೆಲ್ಲ ಓದಿಬಿಡುತ್ತಿದ್ದ. ಆಡದೆ ನುಂಗಿದ ಬೈಗುಳವನ್ನೂ.

ಅದಕ್ಕೇ ನಮ್ಮ ಮನೆಗೆ ಒಂದೇ ಕಾನೂನು: "ಮಾರಿ ನೋಡಿ ಮಾತಾಡು." ಅಡುಗೆಮನೆಯಿಂದ ಒದರುವಂತಿಲ್ಲ, ಎದುರಿಗೆ ಬಂದು ನಿಂತು ಹೇಳಬೇಕು. ಬಾಯಲ್ಲಿ ತುತ್ತು ಇಟ್ಟುಕೊಂಡು ಮಾತಾಡುವಂತಿಲ್ಲ. ಕರೆಂಟ್ ಹೋದರೆ ಮಾತಾಡುವವರು ತಮ್ಮ ಗದ್ದದ ಕೆಳಗೆ ತಾವೇ ಬ್ಯಾಟರಿ ಹಿಡಿದುಕೊಳ್ಳಬೇಕು. ಮಳೆಗಾಲದ ಸಂಜೆ ನಮ್ಮ ಮನೆಗೆ ಬಂದವರು ಬಾಗಿಲಲ್ಲೇ ಬೆಚ್ಚಿಬೀಳುತ್ತಿದ್ದರು. ಒಳಗೆ ಕತ್ತಲೆ, ಕತ್ತಲೆಯಲ್ಲಿ ತೇಲುವ ನಾಲ್ಕು ದೆವ್ವದ ಮುಖ, "ಉಪ್ಪಿನಕಾಯಿ ಇತ್ತಾಗ ಕೊಡು" ಎನ್ನುತ್ತಿದ್ದವು.

ಯಾರಾದರೂ ಅಜ್ಜನಿಗೆ ಬೆನ್ನು ಮಾಡಿ ಕೂತರೆ ಆಗ ನನ್ನ ಕೆಲಸ. ನಾನು ಅಜ್ಜನ ಎದುರಿಗೆ ಕೂತು, ಅವರು ಆಡಿದ್ದನ್ನು ಸಪ್ಪಳವಿಲ್ಲದೆ ತುಟಿಯಲ್ಲಿ ಮತ್ತೆ ಆಡಿ ತೋರಿಸುತ್ತಿದ್ದೆ. ಬರೀ ತುಟಿ ಸಾಲದು. ಆಡುತ್ತಿರುವವರು ಯಾರು ಎಂದು ಅಜ್ಜನಿಗೆ ಗೊತ್ತಾಗಬೇಕಲ್ಲ? ಅಪ್ಪನಾದರೆ ಮೂಗು ಉಜ್ಜಬೇಕು, ಕಾಕಾ ಆದರೆ ಕಾಲರ್ ಎತ್ತಬೇಕು, ಅವ್ವನಾದರೆ ಸೆರಗಿನ ತುದಿ ತಿರುವಬೇಕು. ನನಗೆ ಎಲ್ಲರ ಮುಖ ಬಂದದ್ದು ಹೀಗೆ. ಓಣಿಯವರು ನನಗೆ ಅಜ್ಜನ ರೇಡಿಯೋ ಎನ್ನುತ್ತಿದ್ದರು. ಅಜ್ಜ ಮಾತ್ರ ಮಂಗ್ಯಾ ಎನ್ನುತ್ತಿದ್ದ. ಎರಡೂ ಸರಿಯೇ.

ನಾನು ಹೇಳಬೇಕಾದದ್ದು ಒಂದೇ ಶ್ರಾವಣದ ಮಾತು. ಹನ್ನೆರಡನೇ ಇಯತ್ತೆಯಲ್ಲಿ ನಾನು ಎರಡನೇ ಸಲ ಡುಮ್ಕಿ ಹೊಡೆದು, ಮನೆಯವರೆಲ್ಲರ ಬಾಯಿಗೆ ಬಿಟ್ಟಿ ಎಲೆ-ಅಡಿಕೆಯಾಗಿದ್ದ ವರ್ಷ. ಪಂಚಮಿಗೆಂದು ಗಡಹಿಂಗ್ಲಜದಿಂದ ನೀಲಾ ಅತ್ಯಾ ಬಂದಳು. ಅಪ್ಪನ ತಂಗಿ, ಕಾಕಾನ ಅಕ್ಕ, ಅಜ್ಜನ ಒಬ್ಬಳೇ ಮಗಳು.

ಈ ಅತ್ಯಾ ಹೇಗಿದ್ದವಳು ಎಂದು ಮೊದಲು ಹೇಳಬೇಕು. ಕಿವುಡ ಅಪ್ಪ, ಮಗ್ಗದ ಓಣಿ. ಹುಟ್ಟಿದಾಗಿನಿಂದ ಒದರಿಯೇ ಬೆಳೆದವಳು. ಅವಳು ತರಕಾರಿಯವನನ್ನು ಕರೆದರೆ ಎರಡು ಓಣಿ ಆಚೆಯ ತರಕಾರಿಯವನೂ ಗಾಡಿ ತಿರುಗಿಸುತ್ತಿದ್ದ. ನಕ್ಕರೆ ಛಾವಣಿಯ ತಗಡುಗಳು ನಡುಗುತ್ತಿದ್ದವು. ಇಂಥವಳನ್ನು ಅಜ್ಜ ತಾನೇ ಹುಡುಕಿ ಹುಡುಕಿ ಗಡಹಿಂಗ್ಲಜದ ಒಂದು ಮೆಣಸಿನಕಾಯಿ ವ್ಯಾಪಾರದ ಮನೆಗೆ ಕೊಟ್ಟ. ಯಾಕೆ ಗೊತ್ತೇನ್ರಿ? ಆ ಮನೆ ಶಾಂತವಾಗಿದೆ ಎಂದು. ಹುಡುಗನ ಮನೆ ನೋಡಿ ಬಂದವನು ಓಣಿ ತುಂಬ ಹೇಳಿಕೊಂಡು ಬಂದಿದ್ದ: "ಗ್ವಾಡಿ ಮುಟ್ಟಿ ನೋಡಿನಿ, ನಡಗೂದಿಲ್ಲ. ನೆಲಾ ನಡಗೂದಿಲ್ಲ. ನನ್ನ ಮಗಳ ಕಿವಿ ಉಳೀತಾವು." ಕಿವಿ ಕಳೆದುಕೊಂಡವನಿಗೆ ಮಗಳ ಕಿವಿಯದೇ ಚಿಂತೆ. ಬಾಯಿಯ ಚಿಂತೆ ಬರಲಿಲ್ಲ.

ಮೆಣಸಿನಕಾಯಿ ವ್ಯಾಪಾರದ ಮನೆ, ಆದರೆ ಅಲ್ಲಿ ಸೀನುವುದಿದ್ದರೂ ಸೆರಗಿನೊಳಗೆ ಸೀನಬೇಕು. "ಹಳೂ ಬೋಲ್" ಎನ್ನುವುದು ಆ ಮನೆಯ ರಾಷ್ಟ್ರಗೀತೆ. ಮೆಲ್ಲಗೆ ಮಾತಾಡು. ಅತ್ತೆ, ಅತ್ತೆಯ ಮಗ, ಎಲ್ಲರೂ ಎದ್ದು ನಿಂತು ಹಾಡುವವರೇ. ಮದುವೆಯಾದ ಹೊಸತರಲ್ಲಿ ಒಮ್ಮೆ ಅತ್ಯಾ ಅಳುತ್ತ ತವರಿಗೆ ಬಂದಿದ್ದಳು. ಆಗ ಅಜ್ಜ ಅವಳ ತುಟಿ ಓದಿದ, ಎಲ್ಲವನ್ನೂ ಓದಿದ, ಓದಿದ ಮೇಲೂ, "ಶಾಂತ ಮನಿ ಐತಿ ಯವ್ವಾ, ಹೊಸಾದು. ರೂಢಿ ಆಗ್ತೈತಿ, ಹೋಗು" ಎಂದು ಬಸ್ಸು ಹತ್ತಿಸಿ ಬಂದ. ಇವತ್ತು ಅವನ ಫೋಟೋಕ್ಕೆ ಹಾರ ಹಾಕಿ "ದೇವರಂಥಾ ಮನಶ್ಯಾ" ಎನ್ನುವವರಿಗೆ ನಾನು ಈ ಬಸ್ಸನ್ನು ನೆನಪು ಮಾಡಿಕೊಡುತ್ತೇನೆ. ದೇವರು ಯಾರನ್ನೂ ಗಡಹಿಂಗ್ಲಜದ ಬಸ್ಸು ಹತ್ತಿಸುವುದಿಲ್ಲ.

ಆ ಶ್ರಾವಣದಲ್ಲಿ ಅವಳು ಬಂದಾಗ ನಾನೇ ಸ್ಟ್ಯಾಂಡಿಗೆ ಹೋಗಿದ್ದೆ. ಬಸ್ಸಿನಿಂದ ಇಳಿದವಳು ಏನೋ ಅಂದಳು. ಕೇಳಿಸಲಿಲ್ಲ. "ಏನ ಅತ್ಯಾ?" ಅಂದೆ. ಮತ್ತೆ ಅಂದಳು. ಸೆರಗು ಬಾಯಿಗೆ ಅಡ್ಡ, ಕಣ್ಣು ನೆಲದ ಮೇಲೆ. ಮೆಲ್ಲನೆಯ ಮಾತೂ ಅಲ್ಲ, ಮಾತೇ ಇಲ್ಲ, ಬರೀ ಉಸಿರು. ನಾನು ಚೇಷ್ಟೆಯವನು, ಅವಳ ಹಾಗೆಯೇ ಬಾಯಿಗೆ ಕರವಸ್ತ್ರ ಹಿಡಿದು ಪಿಸಿಪಿಸಿ ಅಂದು ತೋರಿಸಿದೆ. ಹಿಂದಿನ ಅತ್ಯಾ ಆಗಿದ್ದರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ಈ ಅತ್ಯಾ ಸುತ್ತಮುತ್ತ ನೋಡಿ, ನನ್ನನ್ನು ಯಾರಾದರೂ ಬೈದಾರೆಂದು ಹೆದರಿದಳು.

ಮನೆಯಲ್ಲಿ ಯಾರಿಗೂ ಏನೂ ಅನಿಸಲಿಲ್ಲ. ಕಾಕಾನಿಗಂತೂ ಖುಷಿಯೋ ಖುಷಿ. "ನೋಡ್ರಿ, ಅಕ್ಕಾ ಹೆಂಗ ಸುಧಾರಿಸ್ಯಾಳ! ದೊಡ್ಡ ಮನೀ ಸೊಸಿ ಅಂದ್ರ ಹಿಂಗಿರಬೇಕು." ಕಾಕಾನ ಖುಷಿಗೆ ಕಾರಣವಿತ್ತು. ಅದೇ ಗಡಹಿಂಗ್ಲಜದವರ ನೆಂಟರ ಹುಡುಗಿಯೊಂದಿಗೆ ಅವನ ಮದುವೆ ಮಾತು ನಡೆದಿತ್ತು, ದಸರೆಗೆ ನಿಶ್ಚಯ.

ಪಂಚಮಿಯ ದಿನ ಬೆಳಗ್ಗೆ ಅಂಗಳದ ಮಣೆಯ ಮೇಲೆ ಮಣ್ಣಿನ ನಾಗಪ್ಪ, ಬಟ್ಟಲಲ್ಲಿ ಹಾಲು, ಅರಳು, ಶೇಂಗಾದ ಉಂಡಿ. ಮರವಿಲ್ಲದ ಓಣಿ, ಜೋಕಾಲಿಯನ್ನು ಮಗ್ಗದ ಶೆಡ್ಡಿನ ತೊಲೆಗೆ ಕಟ್ಟಿದ್ದೆವು. ಹಾಲು ಎರೆಯುವಾಗ ಒಬ್ಬೊಬ್ಬರ ಹೆಸರು ಹಿಡಿದು ಎರೆಯುವುದು ನಮ್ಮಲ್ಲಿ ಪದ್ಧತಿ: ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಅತ್ಯಾ ಕೂತು ಎರೆದಳು. ಎದುರಿಗೆ ವಿಭೂತಿ ಧರಿಸಿ ಅಜ್ಜ ಕೂತಿದ್ದ. ಪ್ರತಿ ವರ್ಷ ತನ್ನ ಪಾಲು ಬಂದಾಗ ತಲೆ ಅಲ್ಲಾಡಿಸಿ ನಗುವುದು ಅವನ ರೂಢಿ. ಆ ವರ್ಷ ಹಾಲು ಮುಗಿಯುತ್ತ ಬಂತು, ಅಜ್ಜ ನಗಲಿಲ್ಲ.

"ಯಾರ ಪಾಲ ಹಾಕಿದಿ ಯವ್ವಾ? ಕಾಣಲಿಲ್ಲ."

ಅತ್ಯಾ ತಲೆ ಇನ್ನಷ್ಟು ತಗ್ಗಿಸಿದಳು.

"ನೀಲಾ, ಬಾಯಿ ಕಾಣಾವಲ್ದು. ಮಾರಿ ಮ್ಯಾಲ ಮಾಡು."

ಮಾಡಲಿಲ್ಲ. ಅಜ್ಜ ಮಣೆಯ ಆಚೆಯಿಂದ ಕೈ ಚಾಚಿ, ಎಣ್ಣೆ ಹಿಡಿದ ಆ ಒರಟು ಬೆರಳನ್ನು ಅವಳ ಗದ್ದದ ಕೆಳಗಿಟ್ಟು ಮುಖ ಎತ್ತಿದ. ಸೆರಗು ಸರಿಸಿದ. "ಈಗ ಅನ್ನು." ಅತ್ಯಾ "ಅಪ್ಪನ ಪಾಲು" ಎಂದು ಬಾಯಿ ತೆರೆದಳು. ಮೇಲಿನ ಸಾಲಿನ ಮುಂದಿನ ಹಲ್ಲು ಅರ್ಧ ಇರಲಿಲ್ಲ.

ಬಂದು ಮೂರು ದಿನವಾಗಿತ್ತು. ನಾವೆಲ್ಲ ಕಣ್ಣು-ಕಿವಿ ನೆಟ್ಟಗಿರುವ ಜನ, ಅವಳ ಕೈಯಿಂದ ರೊಟ್ಟಿ ತಿಂದಿದ್ದೆವು. ಒಬ್ಬರಿಗೂ ಕಂಡಿರಲಿಲ್ಲ.

"ಬಚ್ಚಲದಾಗ ಜಾರಿ ಬಿದ್ನಿ" ಎಂದಳು ಅತ್ಯಾ. "ನೋಡ್ಕೊಂಡ ನಡೀಬೇಕ್ಲಾ ತಂಗಿ" ಎಂದ ಅಪ್ಪ. ಅಲ್ಲಿಗೆ ಮಾತು ಮುಗಿಯಿತು, ಉಂಡಿ ತಿನ್ನುವುದು ಶುರುವಾಯಿತು.

ಮಧ್ಯಾಹ್ನ ಅಜ್ಜ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋದ. ಹಬ್ಬವೆಂದು ಮಗ್ಗ ನಿಂತಿದ್ದವು. ಜೋಕಾಲಿಯ ಮೇಲೆ ಕೂತು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡ.

"ಮಂಗ್ಯಾ, ನಿಮ್ಮತ್ಯಾ ಲಗ್ನಕ್ಕ ಮೊದ್ಲ ಹೆಂಗ ಮಾತಾಡ್ತಿದ್ಲು, ಮಾಡಿ ತೋರ್ಸು."

ನನಗೆ ಅದು ನೀರು ಕುಡಿದಷ್ಟು ಸಲೀಸು. ಸೊಂಟಕ್ಕೆ ಕೈ, ಗದ್ದ ಮೇಲೆ, ಬಾಯಿ ಇಷ್ಟಗಲ. ತರಕಾರಿಯವನೊಂದಿಗೆ ಜಗಳ, ಅವ್ವನೊಂದಿಗೆ ಚೇಷ್ಟೆ, ಕಾಕಾನ ಕಿವಿ ಹಿಂಡುವುದು, ಎಲ್ಲ ಮಾಡಿದೆ. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ.

"ಈಗ ಹೆಂಗ ಮಾತಾಡ್ತಾಳ, ಮಾಡು."

ನಾನು ತಲೆ ತಗ್ಗಿಸಿದೆ. ಇಲ್ಲದ ಸೆರಗನ್ನು ಬಾಯಿಗೆ ಹಿಡಿದೆ. ಹೆಗಲು ಒಳಗೆ ಎಳೆದುಕೊಂಡೆ. ತುಟಿ ಅಲ್ಲಾಡಿಸದೆ ಉಸಿರಾಡಿದೆ. ನಕಲು ಮಾಡುವಾಗ ಒಂದು ಮಜಾ ಇದೆ, ಯಾರ ಮೈ ಹಿಡಿಯುತ್ತೇವೋ ಅವರ ಒಳಗು ಒಂದು ಗಳಿಗೆ ನಮಗೆ ಸಿಗುತ್ತದೆ. ಅತ್ಯಾಳ ಮೈಯೊಳಗೆ ಹೊಕ್ಕಾಗ ನನಗೆ ಸಿಕ್ಕಿದ್ದು ಹೆದರಿಕೆ. ಎಲ್ಲಿಂದಲೋ ಒಂದು ಕೈ ಬರುತ್ತದೆ ಎಂಬ ಹೆದರಿಕೆ. ನನಗೇ ಗೊತ್ತಿಲ್ಲದೆ ಕೈಯನ್ನು ಬಾಯಿಗೆ ಅಡ್ಡ ಹಿಡಿದೆ.

"ಸಾಕು" ಎಂದ ಅಜ್ಜ. ನಾನು ನಿಲ್ಲಿಸಲಿಲ್ಲವೋ ಏನೋ, ಎದ್ದು ಬಂದು ನನ್ನ ಎರಡೂ ಕೈ ಹಿಡಿದ. "ಸಾಕೋ, ಸಾಕು."

ನಿಜ ಸಂಗತಿ ಅತ್ಯಾಳಿಂದ ಅವ್ವನಿಗೆ, ಅವ್ವನಿಂದ ನನಗೆ ಬಂತು, ನನ್ನಿಂದ ಅಜ್ಜನಿಗೆ ಹೋಯಿತು. ಮೊದಲು ಗಂಡನ ಮನೆಯವರು ಅವಳ ಧ್ವನಿಗೆ ನಗುತ್ತಿದ್ದರಂತೆ. ಆಮೇಲೆ ಅವಳು ಬಾಯಿ ತೆರೆದರೆ ಅತ್ತೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದಳಂತೆ. ಆಮೇಲೆ ಗಂಡ, ಬಂದವರ ಎದುರಿಗೆ, ಚೇಷ್ಟೆ ಮಾಡಿದ ಹಾಗೆ ನಗುತ್ತ ಅವಳ ಬಾಯಿಯ ಮೇಲೆ ಅಂಗೈ ಇಡುತ್ತಿದ್ದನಂತೆ. ಮೊದಲು ಅಂಗೈ. ಆಮೇಲೆ ಮುಷ್ಟಿ. ಈ ಮನುಷ್ಯನನ್ನು ನಾನು ಮದುವೆಗಳಲ್ಲಿ ಒಮ್ಮೆಯೂ ನಕಲು ಮಾಡಿಲ್ಲ. ಅವನ ಮೈಯೊಳಗೆ ಹೋಗಲು ನನಗೆ ಹೇಸಿಗೆ.

ಹಬ್ಬ ಮುಗಿದ ಮರುದಿನ ಆ ಮಾವನೇ ಬಂದ, ಹೆಂಡತಿಯನ್ನು ಕರೆದೊಯ್ಯಲು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪೇಢೆಯ ಬಾಕ್ಸು, ಪೇಢೆಗಿಂತ ಸಿಹಿ ಮಾತು. ಮಂಚದ ಮೇಲೆ ಕೂತ. ಅಪ್ಪ ಮತ್ತು ಕಾಕಾ ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತರು. ಹೇಗೆ ಕೂತರೆಂದರೆ, ಹೊಸ್ತಿಲ ಹತ್ತಿರ ಕೂತಿದ್ದ ಅಜ್ಜನಿಗೆ ಇಬ್ಬರ ಬೆನ್ನು, ಮಾವನ ಮುಖಕ್ಕೂ ಆ ಬೆನ್ನುಗಳೇ ಅಡ್ಡ. ನಮ್ಮ ಮನೆಯಲ್ಲಿ ಹುಟ್ಟಿ ಬೆಳೆದವರು ಹಾಗೆ ಗೊತ್ತಿಲ್ಲದೆ ಕೂರುವುದಿಲ್ಲ. ಅದೊಂದೇ ಸಾಕು ನನಗೆ ಇವತ್ತಿಗೂ ಮೈ ಉರಿಯಲು. ನಾನು ಎದ್ದು ಹೋಗಿ ಮಂಚದ ಪಕ್ಕದ ಗೋಡೆಗೆ ಆತು, ಅಜ್ಜನಿಗೆ ಕಾಣುವ ಹಾಗೆ ಕೂತೆ. ರೇಡಿಯೋ ಚಾಲೂ.

"ನಮ್ಮ ಮನ್ಯಾಗ ಅಕಿಗೆ ಏನ ಕಡಿಮಿ ಐತಿ, ನೀವ ಹೇಳ್ರಿ?" ಎಂದ ಮಾವ. "ಹೆಣ್ಣಮಕ್ಕಳ ಧ್ವನಿ ಹೊಸ್ತಿಲಾ ದಾಟಬಾರದು, ಇಷ್ಟ ನಮ್ಮ ತಾಯಿ ಹೇಳೂದು."

"ಬರೋಬರಿ ಐತ್ರಿ ಭಾವ" ಎಂದ ಕಾಕಾ. "ಮಗ್ಗದಾಗ ಬೆಳದಾಕಿ, ಒದರೂದ ಒಂದ ಗೊತ್ತು. ನೀವ ತಿದ್ದೀರಿ, ಛಲೋ ಆತು."

"ಮೆಲ್ಲಕ ಅನ್ನೋ, ಅಪ್ಪ ಅಲ್ಲೇ ಕುಂತಾನ" ಎಂದ ಅಪ್ಪ, ಮೂಗು ಉಜ್ಜುತ್ತ.

"ಅಣ್ಣಾ, ಅಂವಗೇನ ಕೇಳಸ್ತೈತಿ? ಹಬ್ಬ ಮುಗೀತು, ಹೊಂಟ್ಲು ಅಂತ ಕೈ ಮಾಡಿ ತೋರ್ಸೋಣ, ಆತು. ಅಕ್ಕನ ನಾಳೆ ಮುಂಜಾನಿ ಬಸ್ಸಿಗೆ ಹತ್ತಸ್ತೇವ್ರಿ ಭಾವ. ದಸರಿ ಮಾತು ಮಾತ್ರ ಹಂಗ ಇರಲಿ."

ನಾನು ಒಂದು ಅಕ್ಷರ ಬಿಡದೆ ತುಟಿಯಲ್ಲಿ ಆಡುತ್ತಿದ್ದೆ. ಕಾಲರ್ ಎತ್ತಿ ಕಾಕಾ ಆದೆ, ಮೂಗು ಉಜ್ಜಿ ಅಪ್ಪ ಆದೆ, ಹೇಸಿಗೆ ನುಂಗಿಕೊಂಡು ಮಾವನ ಹಾಗೆ ಅಂಗಿಯ ತೋಳು ನೀವಿಕೊಂಡೆ. ಅದೇ ಗಳಿಗೆಗೆ ಮಾವ ತಿರುಗಿ ನೋಡಿಬಿಟ್ಟ.

"ಅಹೋ! ಹೇ ಪೋರ್ಗಂ ಮಾಝೀ ನಕ್ಕಲ್ ಕರ್ತಂಯ್!"

ಈ ಹುಡುಗ ತನ್ನನ್ನು ಅಣಕಿಸುತ್ತಾನೆ ಎಂದು ಮರಾಠಿಯಲ್ಲಿ ಅವನ ತಕರಾರು. ಮೆಲ್ಲಗೆ ಮಾತಾಡುವ ಮನೆತನದ ಆ ಧ್ವನಿ ಹೊಸ್ತಿಲು ದಾಟಿ, ಅಂಗಳ ದಾಟಿ, ಎದುರು ಮನೆಯ ಮುದುಕಿಯನ್ನು ಬಾಗಿಲಿಗೆ ಕರೆಯಿತು. ಕಾಕಾ ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಿದ. ನಾನೂ ಬಿಡುವವನಲ್ಲ. ಅದನ್ನೂ ಅಜ್ಜನಿಗೆ ಪ್ರಸಾರ ಮಾಡಿದೆ: ಕಾಲರ್ ಎತ್ತಿ, ನನ್ನ ಕೆನ್ನೆಗೆ ನಾನೇ ಇನ್ನೊಂದು.

ಅಜ್ಜ ಎದ್ದು ನಿಂತ. ಬಲಗೈ ಎತ್ತಿ, ಮುಷ್ಟಿ ಹಿಡಿದು, ಎದೆಯ ಕಡೆಗೆ ಒಮ್ಮೆ ಜಗ್ಗಿದ.

ಮಗ್ಗದ ಶೆಡ್ಡಿನಲ್ಲಿ ಜಾಬರ್ ಆ ಸನ್ನೆ ಮಾಡಿದನೆಂದರೆ, ಮಗ್ಗ ಬಂದ್ ಮಾಡು ಎಂದರ್ಥ. ಹ್ಯಾಂಡಲ್ ಜಗ್ಗು. ಯಾಕೆ, ಏನು ಎಂದು ಕೇಳುವಂತಿಲ್ಲ. ಲಾಳಿ ಹಾರಿ ಯಾರದೋ ಕಣ್ಣು ಹೋಗುವುದಿರುತ್ತದೆ, ಯಾರದೋ ಬೆರಳು ಸಿಕ್ಕಿರುತ್ತದೆ. ಮೊದಲು ನಿಲ್ಲಿಸಬೇಕು, ಆಮೇಲೆ ಕೇಳಬೇಕು. ಓಣಿಯ ಕೂಸುಗಳಿಗೂ ಗೊತ್ತು. ಅಪ್ಪನೂ ಕಾಕಾನೂ ಆ ಶೆಡ್ಡಿನಲ್ಲೇ ಬೆಳೆದವರು. ಅಪ್ಪನ ಕೈಯ ಚಹಾದ ಕಪ್ಪು ಬಾಯಿಗೂ ಬಸಿಗೂ ನಡುವೆ ನಿಂತಿತು. ನನಗೆ ಮತ್ತೆ ಬಾರಿಸಲು ಕಾಕಾ ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ತಿಳಿಯದ ಮಾವನೊಬ್ಬನೇ ಆ ಕಡೆ ಈ ಕಡೆ ನೋಡಿದ.

"ನನ್ನ ಕಿವಿ ಮಗ್ಗ ತಿಂದಾವು" ಎಂದ ಅಜ್ಜ, ತನ್ನ ಮಕ್ಕಳಿಬ್ಬರ ಮುಂದೆ ಬಂದು ನಿಂತು. "ನಿಮ್ಮವ ಯಾರ ತಿಂದಾರೋ?"

ಅಜ್ಜ ಪೇಢೆಯ ಬಾಕ್ಸು ಎತ್ತಿ ಮಾವನ ಕೈಗಿಟ್ಟ.

"ಅಳಿಯಾಂದ್ರ, ಇದನ್ನ ನಿಮ್ಮ ತಾಯೇರಿಗೆ ಕೊಡ್ರಿ. ಮೆಲ್ಲಕ ತಿನ್ನಾಕ ಹೇಳ್ರಿ. ನನ್ನ ಮಗಳು ಬರೂದಿಲ್ಲ."

ಕಾಕಾನ ಮದುವೆ ಮಾತು ಅಲ್ಲಿಗೆ ಮುರಿಯಿತು. ಅವನಿಗೆ ಆಮೇಲೆ ಹುಪರಿ ಕಡೆಯ ಛಲೋ ಹುಡುಗಿಯೇ ಸಿಕ್ಕಳು, ಆದರೂ ಅವನ ಸಿಟ್ಟು ಇಳಿಯಲಿಲ್ಲ. ನನ್ನ ಸಿಟ್ಟೂ ಇಳಿಯಲಿಲ್ಲ, ಅಜ್ಜನ ಮೇಲಿನದು. ಯಾಕೆಂದರೆ ಅಷ್ಟೆಲ್ಲ ಆಡಿದವನು ಮಗಳಿಗೆ ಮಾತ್ರ, ಆವತ್ತು ನಿನ್ನನ್ನು ಬಸ್ಸು ಹತ್ತಿಸಿದ್ದು ನನ್ನ ತಪ್ಪು ಎನ್ನಲಿಲ್ಲ. ನಾನು ಕಾದೆ. ನನ್ನ ಕಣ್ಣು ತಪ್ಪಿಸಿ ಅಂದಿರಬಹುದೇನೋ ಎಂದು ಅತ್ಯಾಳನ್ನೂ ಕೇಳಿದೆ. ಇಲ್ಲ. ಅವನು ಮಾಡಿದ್ದು ಇಷ್ಟೇ: ಮರುದಿನ ಬೆಳಗ್ಗೆ, ಬಸ್ಸಿನ ಹೊತ್ತಿಗೆ ಸರಿಯಾಗಿ, ಅವಳ ಕೈ ಹಿಡಿದು ಮಳೆಯಲ್ಲಿ ಶೆಡ್ಡಿಗೆ ಕರೆದುಕೊಂಡು ಹೋದ. ಲಾಳಿಯೊಳಗೆ ಕೂರಿಸುವ ಕಾಂಡಿಗೆ ನೂಲು ಸುತ್ತುವ ಯಂತ್ರದ ಮುಂದೆ ಕೂರಿಸಿದ. ಮಗಳ ಕಿವಿ ಉಳಿಯಲೆಂದು ಯಾವ ಸಪ್ಪಳದಿಂದ ದೂರ ಕಳಿಸಿದ್ದನೋ, ಅದೇ ಸಪ್ಪಳದ ನಟ್ಟ ನಡುವೆ.

ಆ ಶ್ರಾವಣವೆಲ್ಲ ಮಳೆ ಬಿಡಲಿಲ್ಲ. ಓಣಿಯಲ್ಲಿ ಮೊಣಕಾಲು ನೀರು, ನೀರಿನ ಮೇಲೆ ಹತ್ತಿಯ ನೊರೆ. ದಿನಕ್ಕೆ ಎಷ್ಟೋ ಸಲ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಸಂಜೆ ನಾವೆಲ್ಲ ಗದ್ದಕ್ಕೆ ಬ್ಯಾಟರಿ ಹಿಡಿದು ದೆವ್ವಗಳಾಗುತ್ತಿದ್ದೆವು, ಅತ್ಯಾ ಮಾತ್ರ ಕತ್ತಲೆಯಲ್ಲೇ ಕೂರುತ್ತಿದ್ದಳು. ಅಜ್ಜ ದಿನವೂ ಒಂದು ಬ್ಯಾಟರಿಯನ್ನು ಅವಳ ಪಕ್ಕ ಇಟ್ಟು ಬರುತ್ತಿದ್ದ, ಏನೂ ಅನ್ನುತ್ತಿರಲಿಲ್ಲ.

ಶೆಡ್ಡಿನಲ್ಲಿ ಒಂದು ದಿನ ನಾನು ಜೋಕಾಲಿ ಕಟ್ಟಿದ್ದ ಹಗ್ಗ ಬಿಚ್ಚುತ್ತಿದ್ದೆ. ಮಗ್ಗಗಳೆಲ್ಲ ನಡೆಯುತ್ತಿದ್ದವು. ಅತ್ಯಾಳ ಯಂತ್ರದಲ್ಲಿ ನೂಲು ಸಿಕ್ಕಾಗಿ ಕಾಂಡಿಗಳು ಒಂದರ ಮೇಲೊಂದು ಎಗರತೊಡಗಿದವು. ಅವಳು ನನ್ನನ್ನು ಕರೆದದ್ದು ಕಂಡಿತು, ಕೇಳಿಸಲಿಲ್ಲ. ಆ ಸಪ್ಪಳದಲ್ಲಿ ಪಿಸುಮಾತಿಗೆ ಏನು ಬೆಲೆ? ನಾನು ಕಿವಿಗೆ ಕೈ ಹಚ್ಚಿ, ಏನು, ಏನು, ಎಂದು ಕುಣಿದೆ. ಬೇಕೆಂದೇ ಕುಣಿದೆ ಅನ್ರಿ. ಅವಳು ಇನ್ನೊಮ್ಮೆ ಕರೆದಳು. ನಾನು ಮತ್ತೆ ಕಿವಿಗೆ ಕೈ. ಅವಳ ಮುಖ ಕೆಂಪಗಾಯಿತು.

"ಏ ಮಂಗ್ಯಾ! ಸುಟ್ಟ ಬರಲಿ ನಿನ್ನ ಕಿವಿಗೆ! ನೂಲ ಹರ್ಯಾಕತ್ತೈತಿ, ಬಾರೋ ಇಲ್ಲೇ!"

ಎಂಥಾ ಒದರು ಅದು! ಖಟಾಖಟ್ ಸಪ್ಪಳವನ್ನು ಸೀಳಿಕೊಂಡು ಬಂತು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರೂ ಎದ್ದು ಕಿಟಕಿ ಮುಚ್ಚಲಿಲ್ಲ. ಅವಳು ತಾನೇ ಬೆಚ್ಚಿ, ಅಭ್ಯಾಸದಂತೆ ಕೈಯನ್ನು ಬಾಯಿಗೆ ಒಯ್ದಳು. ಅರ್ಧಕ್ಕೆ ನಿಲ್ಲಿಸಿದಳು. ಆಮೇಲೆ ಕೈ ಕೆಳಗಿಳಿಸಿ ಇನ್ನೊಂದು ಸಲ ಬೈದಳು, ಈ ಸಲ ಬರೀ ರುಚಿಗೆ. ಆ ಒದರು ಕೇಳಿಸದವನು ಅಲ್ಲಿ ಅಜ್ಜನೊಬ್ಬನೇ. ಹೇಳಬೇಕೆಂದು ಅವನ ಕಡೆ ಓಡಿದೆ. ನಟ್ಟು ಬಿಗಿಯುವ ಪಾನಾ ಹಿಡಿದು ಒಂದು ಮಗ್ಗದ ಕೆಳಗೆ ಮಲಗಿದ್ದವನು ಅಲ್ಲಿಂದಲೇ ನೋಡಿಯಾಗಿತ್ತು. ಮಗಳ ಬಾಯಿ, ಆ ಮುರಿದ ಹಲ್ಲಿನ ಸಮೇತ, ಇಷ್ಟಗಲ ತೆರೆದದ್ದು. ಅವನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ನನ್ನನ್ನು ಕಂಡು, "ಎಣ್ಣಿ ಬಿತ್ತೋ ಕಣ್ಣಾಗ" ಎಂದ. ನಕಲು ಮಾಡುವವನ ಮುಂದೆ ಸುಳ್ಳು!

ಆ ಸಂಜೆ ಕರೆಂಟು ಹೋದಾಗ ನಮ್ಮ ಮನೆಯ ಕತ್ತಲೆಯಲ್ಲಿ ಇನ್ನೊಂದು ದೆವ್ವದ ಮುಖ ಹೆಚ್ಚಾಯಿತು.

ಹೋದ ಚಳಿಗಾಲದಲ್ಲಿ ಅಜ್ಜ ತೀರಿಕೊಂಡ. ಕಡೆಯ ದಿನಗಳಲ್ಲಿ ಕಾಕಾ ಬಾಗಿಲಲ್ಲೇ ನಿಂತು, "ಹೆಂಗದಿ ಅಪ್ಪಾ" ಎಂದು ಕೇಳಿ ಉತ್ತರಕ್ಕೆ ಮೊದಲೇ ಹೋಗುತ್ತಿದ್ದ. ಮುಖ ತೊಳೆದವಳು, ಗಂಜಿ ಕುಡಿಸಿದವಳು, ಅಜ್ಜನ ಕಣ್ಣು ಮಂಜಾದ ಮೇಲೆ ಅವನ ಬೆರಳನ್ನು ತನ್ನ ತುಟಿಯ ಮೇಲಿಟ್ಟುಕೊಂಡು ಮಾತಾಡಿದವಳು ಅತ್ಯಾ. ಆದರೆ ಸತ್ತ ಮರುಗಳಿಗೆಯಿಂದ ಅಜ್ಜನ ಬಾಯಿ ಕಾಕಾನ ಪಾಲಿಗೆ ಬಂತು. "ಅಪ್ಪ ಹಿಂಗ ಅಂತಿದ್ದ, ಅಪ್ಪಂದ ಹಿಂಗ ಇಚ್ಛಾ ಇತ್ತು." ಅಜ್ಜ ಜೀವವಿದ್ದಾಗ ಒಂದು ವರ್ಷದಲ್ಲಿ ಆಡದಷ್ಟು ಮಾತನ್ನು ಸತ್ತ ಒಂದು ತಿಂಗಳಲ್ಲಿ ಆಡಿದ. ಗೋಡೆಯ ಮೇಲಿನ ಫೋಟೋ ಕೂಡ ಕಾಕಾನ ಆಯ್ಕೆಯೇ. ಹುಡುಕಿ ಹುಡುಕಿ ಬಾಯಿ ಮುಚ್ಚಿಕೊಂಡಿರುವ ಒಂದನ್ನು ಹಾಕಿಸಿದ್ದಾನೆ. ಅಜ್ಜನದು ಅಂಥದೊಂದು ಫೋಟೋ ಇತ್ತು ಎಂದೇ ನನಗೆ ಗೊತ್ತಿರಲಿಲ್ಲ. ನಕಲು ನನ್ನ ದಂಧೆ, ಒಪ್ಪಿದೆ. ಆದರೆ ಸತ್ತವನ ಬಾಯಿಯೊಳಗೆ ಮಾತು ತುರುಕುವ ದಂಧೆಗೆ ನಾನೂ ಇಳಿದಿಲ್ಲ.

ಈ ಪಂಚಮಿಗೆ ಕಾಕಾ ನನ್ನನ್ನು ಒತ್ತಾಯ ಮಾಡಿ ಕರೆಸಿದ್ದು ಯಾಕೆಂದು ಹಬ್ಬದ ಊಟವಾದ ಮೇಲೆ ಗೊತ್ತಾಯಿತು. ಗಡಹಿಂಗ್ಲಜದ ಆ ಅತ್ತೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದಾಳಂತೆ. ನೋಡಿಕೊಳ್ಳಲು ಜನ ಬೇಕಂತೆ. ಈಗ ಅವರಿಗೆ ಸೊಸೆಯ ನೆನಪಾಗಿದೆ. ಅಥಣಿ ಕಡೆಯಿಂದ ಇಬ್ಬರು ಹಿರಿಯರನ್ನು ಕರೆಸಿ ಕೂರಿಸಿಕೊಂಡು, ಅವರ ಕಡೆಗೆ ಮುಖ ಮಾಡಿ, ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ಯಾಳಿಗೆ ಬೆನ್ನು ಮಾಡಿ, ಕಾಕಾ ಶುರು ಮಾಡಿದ.

"ಅಪ್ಪ ಕಡೀಕ ನನ್ನ ಕೈ ಹಿಡದ ಅಂದಾನ್ರಿ. ನೀಲಾ ಗಂಡನ ಮನಿಗೆ ಹೋಗಿ ಬಾಳೇ ಮಾಡಿದ್ರ ನನ್ನ ಜೀವಕ್ಕ ಶಾಂತಿ, ಅಂತ."

ಶಾಂತಿ! ಆ ಶ್ರಾವಣದ ನಂತರ ಅಜ್ಜನ ತುಟಿಯ ಮೇಲೆ ಆ ಶಬ್ದವನ್ನು ನಾನು ಒಮ್ಮೆಯೂ ಕಂಡಿಲ್ಲ.

"ಹಿರೇರ ಮಾತು ದೊಡ್ಡದು" ಎಂದರು ಹಿರಿಯರು. ಅಪ್ಪ ಮೂಗು ಉಜ್ಜಿಕೊಂಡ. ಆಗ ಕಾಕಾ ನನ್ನ ಕಡೆ ತಿರುಗಿದ. "ಏ ಮಂಗ್ಯಾ, ನೀ ಅಜ್ಜನ ಧ್ವನಿ ಹುಬೇಹೂಬ್ ತಗೀತಿ. 'ಹೋಗಿ ಬಾ ಯವ್ವಾ ನೀಲಾ' ಅಂತ ಒಂದ್ಸಲ ಅನ್ನು. ನಿಮ್ಮತ್ಯಾ ನಿನ್ನ ಮಾತ ಮೀರೂದಿಲ್ಲ."

ಇದಕ್ಕೆ ನನ್ನನ್ನು ಕರೆಸಿದ್ದ! ಒಬ್ಬ ಹಿರಿಯರು ನಕ್ಕೂಬಿಟ್ಟರು, ಏನೋ ಮುದ್ದಾದ ಆಟವೆಂದು. ನಾನು ಎದ್ದು ನಿಂತೆ. ಕಾಕಾನನ್ನೇ ಮಾಡಿ ತೋರಿಸಬೇಕು, ಬಾಗಿಲಲ್ಲಿ ನಿಂತು "ಹೆಂಗದಿ ಅಪ್ಪಾ" ಎನ್ನುವ ಕಾಕಾನನ್ನು, ಎಂದು ಕಾಲರಿಗೆ ಕೈ ಹಾಕಿದೆ.

ಅಷ್ಟರಲ್ಲಿ ಹಿರಿಯರ ನಗು ನಿಂತಿತು. ಅಪ್ಪನ ಕೈ ಮೂಗಿನ ಮೇಲೆ ನಿಂತಿತು. ಅವ್ವನ ಕೈಯ ಚಹಾದ ಕೆಟಲ್ ಬಾಗಿದಲ್ಲೇ ನಿಂತಿತು. ನಾನು ತಿರುಗಿ ನೋಡಿದೆ. ಅತ್ಯಾ ನಡುಮನೆಗೆ ಬಂದು ನಿಂತಿದ್ದಳು. ಬಲಗೈಯ ಮುಷ್ಟಿ ಎದೆಗೆ ಜಗ್ಗಿ ಹಿಡಿದದ್ದು ಇನ್ನೂ ಅಲ್ಲೇ ಇತ್ತು. ಆ ಹೆಗಲು, ಆ ಗದ್ದ, ಒಂದು ಕಾಲು ಮುಂದೆ ಇಟ್ಟ ಆ ರೀತಿ. ಇಷ್ಟು ವರ್ಷ ಮೈಕು ಹಿಡಿದು ನಾನು ಅಜ್ಜನನ್ನು ಮಾಡಿದ್ದೇನೆ. ಅದೆಲ್ಲ ಆ ಗಳಿಗೆಗೆ ಬಣ್ಣದ ಕಾಗದವಾಯಿತು.

"ಮಾರಿ ನೋಡಿ ಮಾತಾಡು, ತಮ್ಮಾ" ಎಂದಳು. "ಅಪ್ಪ ಏನಂದಾ?"

ಕಾಕಾ ತಿರುಗಿದ. ತುಟಿ ಅಲುಗಿದವು. ಆ ತುಟಿಯನ್ನು ಓದಲು ನಮ್ಮಜ್ಜನಿಗೂ ಆಗುತ್ತಿರಲಿಲ್ಲ.

ಮಂಚದ ಮೇಲಿದ್ದ ಅವನ ಫೋನು ಬಡಿದುಕೊಂಡಿತು. ಗಡಹಿಂಗ್ಲಜದ್ದು, ಏನಾಯಿತು ಎಂದು ಕೇಳಲು ಹೊತ್ತು ಗೊತ್ತುಮಾಡಿಕೊಂಡಿದ್ದರೆಂದು ಕಾಣುತ್ತದೆ. ಕಾಕಾ ಕೈ ಚಾಚುವ ಮೊದಲೇ ಅತ್ಯಾ ಎತ್ತಿಕೊಂಡಳು. "ಹಲೋ" ಎಂದಳು, ನಮ್ಮ ಮನೆಯ ಹಲೋ. ಆ ಕಡೆಯಿಂದ ಸಣ್ಣಗೆ, ಮಾವನ ಅದೇ ಹಳೆಯ ಧ್ವನಿ ಬಂತು. ನಮಗೂ ಕೇಳಿಸಿತು.

"ಹಳೂ ಬೋಲ್, ಹಳೂ. ಆಯಿ ಝೋಪಲೀಯ್."

ತಾಯಿ ಮಲಗಿದ್ದಾಳೆ, ಮೆಲ್ಲಗೆ.

ಅತ್ಯಾ ಫೋನನ್ನು ಮುಖದ ಎದುರಿಗೆ, ಗದ್ದದ ಕೆಳಗೆ, ನಾವು ಬ್ಯಾಟರಿ ಹಿಡಿಯುವ ಹಾಗೆ ಹಿಡಿದಳು. ಎದೆ ತುಂಬ ಉಸಿರು ಎಳೆದುಕೊಂಡಳು.

"ಬರೂದಿಲ್ಲಾ!"

ಛಾವಣಿಯ ತಗಡುಗಳು ನಡುಗಿದವು. ಎರಡು ಓಣಿ ಆಚೆ ತರಕಾರಿಯವನು ಗಾಡಿ ತಿರುಗಿಸಿರಬೇಕು. ಆ ಮಾತು ಗಡಹಿಂಗ್ಲಜ ಮುಟ್ಟಲು ಫೋನೇನೂ ಬೇಕಾಗಿರಲಿಲ್ಲ.